ವಿಶೇಷ ಅಗತ್ಯವುಳ್ಳ ಮಗು ನಿದ್ದೆ ಹೋದ ಮೇಲೂ ತಾಯಿಯ ದಣಿವು ಆರುವುದಿಲ್ಲ, ಏಕೆ?

ಏಕೆಂದರೆ ಆ ದಣಿವು ಕೆಲಸದ್ದಷ್ಟೇ ಅಲ್ಲ, ಎಚ್ಚರದ್ದು. ಕೆಲಸ ನಿಂತರೂ ಎಚ್ಚರ ನಿಲ್ಲುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯ ಒಂಟಿ ಮನೆಗಳಲ್ಲಿ ಅಂಗಳ ದಾಟಿದರೆ ಅಡಿಕೆ ತೋಟ, ತೋಟದಂಚಿಗೆ ಹಳ್ಳ. ಆಟಿಸಂ ಇರುವ ಮಗು ಹೇಳದೆ ಹೊರಟುಬಿಡಬಹುದೆಂಬ ಭಯಕ್ಕೆ, ಹಂಚಿನ ಮೇಲೆ ಮಳೆ ಹೊಯ್ಯುತ್ತಿರುವಾಗಲೂ ಚಿಲಕದ ಸಣ್ಣ ಸಪ್ಪಳಕ್ಕೆ ತಾಯಿ ಎದ್ದು ಕೂರುತ್ತಾರೆ.

ಹೀಗೆ ಅಪಾಯವನ್ನೇ ಕಾಯುತ್ತಿರುವ ದೇಹದಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನಿನ ದಿನದ ಏರಿಳಿತ ಹದ ತಪ್ಪಬಹುದು. ನಿದ್ದೆ ತುಂಡುತುಂಡಾಗಿ, ದೇಹ ಚೇತರಿಸಿಕೊಳ್ಳುವ ಗಾಢ ನಿದ್ದೆಗೆ ಅವಕಾಶ ಕಡಿಮೆಯಾಗುತ್ತದೆ. ಆದ್ದರಿಂದಲೇ "ಸ್ವಲ್ಪ ಮಲಗಮ್ಮ" ಎಂಬ ಮಾತು ಸಾಲದು. ಮಗುವಿನ ಸ್ವಭಾವ ಬಲ್ಲ ಅಜ್ಜಿಯೋ ಚಿಕ್ಕಪ್ಪನೋ ವಾರಕ್ಕೆರಡು ಸಲವಾದರೂ ಪೂರ್ತಿ ಹೊಣೆ ಹೊತ್ತು, ಆ ಹೊತ್ತು ಕಿವಿಗೊಡುವ ಅಗತ್ಯವೇ ತಾಯಿಗಿಲ್ಲದಂತೆ ನೋಡಿಕೊಳ್ಳಬೇಕು.

ಖರ್ಚಿನ ಚಿಂತೆಯೂ ನಿದ್ದೆ ಕೆಡಿಸುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಚಲನೆ ಹಿಡಿತ ತಪ್ಪುವ ಸ್ಥಿತಿ), ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯವುಳ್ಳವರಿಗೆ, 1999ರ ಕಾಯ್ದೆಯಡಿ ರಚನೆಯಾದ ಕೇಂದ್ರ ಸರ್ಕಾರದ ಸಂಸ್ಥೆಯಾದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) 'ನಿರಾಮಯ' ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ, ಥೆರಪಿಯನ್ನೂ ಒಳಗೊಂಡು, ಒದಗುತ್ತದೆ. ದಣಿವಿನ ಜೊತೆ ಎರಡು ವಾರ ಮೀರಿ ಯಾವುದೂ ಬೇಡವೆನಿಸಿದರೆ ವೈದ್ಯರನ್ನು ಕಾಣುವುದು ತಡವಾಗಬಾರದು.