ರಾತ್ರಿಯೆಲ್ಲಾ ಚಾರ್ಜಿಗಿಟ್ರೂ ಮಧ್ಯಾಹ್ನಕ್ಕೇ ಆಫ್!

ಪ್ರಶ್ನೆ: ಚಿಕ್ಕಮಗಳೂರಲ್ಲಿ ಕಾಫಿ ಕ್ಯೂರಿಂಗ್ ಆಫೀಸಲ್ಲಿ ಕೆಲ್ಸ ಸರ್. ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್ ರಾತ್ರಿಯಿಡೀ ಸ್ಟ್ಯಾಂಡಲ್ಲೇ ಇರುತ್ತೆ, ಆದ್ರೂ ಊಟದ ಹೊತ್ತಿಗೆ ಟುಯ್ ಟುಯ್ ಅಂತ ಬಡ್ಕೊಂಡು ಆಫ್ ಆಗುತ್ತೆ. ಫೋನೇ ಬದಲಾಯಿಸ್ಬೇಕಾ?

ಉತ್ತರ: ತಡೀರಿ, ದುಡ್ಡು ಸುರೀಬೇಡಿ. ಸಂಜೆ ಬಾಗ್ಲು ಹಾಕೋವಾಗ ಯಾರಾದ್ರೂ ಮೇನ್ ಸ್ವಿಚ್ ಆರಿಸ್ತಾರಾ ಅಂತ ಮೊದ್ಲು ನೋಡಿ, ಹಾಗಿದ್ರೆ ರಾತ್ರಿಯೆಲ್ಲಾ ಚಾರ್ಜೇ ಆಗಿರಲ್ಲ! ಆಮೇಲೆ ಹ್ಯಾಂಡ್‌ಸೆಟ್ ಬುಡದಲ್ಲಿರೋ ಎರಡು ಪುಟ್ಟ ಲೋಹದ ಪಟ್ಟಿ ನೋಡಿ, ಮಲೆನಾಡಿನ ಮಳೆಗಾಲದ ತೇವ, ಅದ್ರ ಮೇಲೆ ಕಾಫಿ ಹೊಟ್ಟಿನ ಧೂಳು ಸೇರಿ ಕಪ್ಪಗಾಗಿರುತ್ತೆ, ಅಡಾಪ್ಟರ್ ಕಿತ್ತಿಟ್ಟು ಒಣ ಬಟ್ಟೇಲಿ ಒರೆಸಿ, ಹೋಗ್ದಿದ್ರೆ ಪೆನ್ಸಿಲ್ ರಬ್ಬರಲ್ಲಿ ಮೆತ್ತಗೆ ಉಜ್ಜಿ. ಸ್ಟ್ಯಾಂಡಿನ ಪಿನ್ನುಗಳಿಗೂ ಅಷ್ಟೇ.

ಆಗ್ಲೂ ಸರಿಹೋಗ್ದಿದ್ರೆ ಸೆಲ್ ಹಳೇದಾಗಿದೆ ಅಂತ. ಒಳಗಿರೋದು ಸಾಮಾನ್ಯವಾಗಿ 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್ ಸೆಲ್ಲು, ದಿನಾ ಬಳಸೋ ಆಫೀಸಲ್ಲಿ ಎರಡು ಮೂರು ವರ್ಷಕ್ಕೆ ಸೋತೋಗುತ್ತೆ. ಅದೇ ಥರದ್ದು ತಂದು ಒಳಗಿರೋ ಎರಡೂ ಸೆಲ್ಲನ್ನ ಒಟ್ಟಿಗೇ ಬದಲಾಯಿಸಿ, ಮೊದ್ಲ ಸಲ ಸುಮಾರು 16 ಗಂಟೆ ಚಾರ್ಜಿಗಿಡಿ. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಮಾತ್ರ ದಯವಿಟ್ಟು ಹಾಕ್ಬೇಡಿ, ಅದು ಚಾರ್ಜ್ ಮಾಡೋ ಸೆಲ್ಲಲ್ಲ, ಸೋರಬಹುದು, ಸಿಡೀಲೂಬಹುದು. ಇನ್ನು ಗುಡುಗು ಶುರುವಾದ್ರೆ ಅಡಾಪ್ಟರ್ರೂ ಲೈನ್ ವೈರೂ ಎರಡನ್ನೂ ಕಿತ್ತಿಡಿ.