ಕರುಳಿನ ಗಂಟನ್ನು ಗುರುತಿಸುವ ಕಣ್ಣು

ಪ್ರಶ್ನೆ: ಮಾನ್ಯ ವೈದ್ಯರೇ, ನನಗೆ 58 ವರ್ಷ, ಸಕಲೇಶಪುರದ ಬಳಿ ಸಣ್ಣ ಕಾಫಿ ತೋಟವಿದೆ. ಅಣ್ಣನಿಗೆ ದೊಡ್ಡಕರುಳಿನ ಕ್ಯಾನ್ಸರ್ ಆದ ಕಾರಣ ಕಳೆದ ವಾರ ಹಾಸನದಲ್ಲಿ ಕೊಲೊನೋಸ್ಕೋಪಿ ಮಾಡಿಸಿಕೊಂಡೆ. ವರದಿಯಲ್ಲಿ ‘ಬಲಭಾಗದ ದೊಡ್ಡಕರುಳಿನಲ್ಲಿ 8 ಮಿ.ಮೀ. ಪಾಲಿಪ್, ಪ್ಯಾರಿಸ್ 0-2ಎ, ನೈಸ್ 2, ತೆಗೆಯಲಾಗಿದೆ’ ಎಂದಿದೆ. ಮೂರು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಇದೇ ಪರೀಕ್ಷೆ ಮಾಡಿ ಏನೂ ಇಲ್ಲವೆಂದಿದ್ದರು. ಈ ಗುರುತುಗಳ ಅರ್ಥವೇನು? ಬರಿಗಣ್ಣಿನಲ್ಲಿ ನೋಡಿ ಹೀಗೆ ವಿಂಗಡಿಸುವುದನ್ನು ವೈದ್ಯರಿಗೆ ಕಲಿಸುತ್ತಾರೆಯೇ?
— ಒಬ್ಬ ಓದುಗ, ಸಕಲೇಶಪುರ

ಉತ್ತರ: ನಿಮ್ಮ ವರದಿಯಲ್ಲಿರುವ ಎರಡು ಗುರುತುಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತವೆ. ಪ್ಯಾರಿಸ್ ವರ್ಗೀಕರಣವು ಪಾಲಿಪಿನ, ಅಂದರೆ ಕರುಳಿನ ಒಳಪದರದಲ್ಲಿ ಬೆಳೆದ ಗಂಟಿನ, ಆಕಾರವನ್ನು ಹೇಳುತ್ತದೆ: ಅಣಬೆಯಂತೆ ತೊಟ್ಟಿನ ಮೇಲೆ ನಿಂತಿದೆಯೇ, ತೊಟ್ಟಿಲ್ಲದೆ ಕುಳಿತಿದೆಯೇ, ನಿಮ್ಮದರಂತೆ ಸ್ವಲ್ಪವೇ ಉಬ್ಬಿ ಚಪ್ಪಟೆಯಾಗಿ ಹರಡಿದೆಯೇ, ಅಥವಾ ಒಳಕ್ಕೆ ಕುಸಿದಿದೆಯೇ. ನೈಸ್ ವರ್ಗೀಕರಣವು ಅದರ ಸ್ವಭಾವವನ್ನು ಅಂದಾಜಿಸುತ್ತದೆ. ಸ್ಕೋಪಿನ (ಕರುಳಿನೊಳಗೆ ಬಿಡುವ ಕ್ಯಾಮೆರಾ ಕೊಳವೆಯ) ಗುಂಡಿಯೊಂದನ್ನು ಒತ್ತಿದರೆ ಬಿಳಿ ಬೆಳಕಿನ ಬದಲು ನೀಲಿ ಮತ್ತು ಹಸಿರಿನ ಕಿರಿದಾದ ಪಟ್ಟಿಗಳು ಮಾತ್ರ ಬೀಳುತ್ತವೆ. ರಕ್ತದ ಹಿಮೋಗ್ಲೋಬಿನ್ ಆ ಬೆಳಕನ್ನು ಹೀರಿಕೊಳ್ಳುವುದರಿಂದ ಸಣ್ಣ ರಕ್ತನಾಳಗಳು ಕಂದುಬಣ್ಣದಲ್ಲಿ ಎದ್ದು ಕಾಣುತ್ತವೆ. ಆಗ ಬಣ್ಣ, ರಕ್ತನಾಳ, ಮೇಲ್ಮೈಯ ವಿನ್ಯಾಸ ಎಂಬ ಮೂರನ್ನು ನೋಡಿ, ಸಾಮಾನ್ಯವಾಗಿ ಅಪಾಯವಿಲ್ಲದ್ದನ್ನು 1, ಮುಂದೆ ಕ್ಯಾನ್ಸರ್ ಆಗಬಲ್ಲ ಅಡಿನೋಮಾವನ್ನು 2, ಆಳಕ್ಕೆ ಇಳಿದ ಕ್ಯಾನ್ಸರನ್ನು 3 ಎಂದು ಬರೆಯುತ್ತಾರೆ. ನಿಮ್ಮದು 2, ತೆಗೆದದ್ದು ಸರಿಯಾದ ಕ್ರಮ.

ಈ ನೋಟವನ್ನು ಕಲಿಸಬಹುದೇ ಎಂಬುದು ನಿಮ್ಮ ಪ್ರಶ್ನೆಯ ತಿರುಳು. ಖಂಡಿತ ಕಲಿಸಬಹುದು, ಮತ್ತು ಅದನ್ನು ಕಲಿಸದೆ ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ತೋಟದ ಅರೇಬಿಕಾ ಗಿಡಗಳಲ್ಲಿ ಬಿಳಿ ಕಾಂಡಕೊರಕ ಹೊಕ್ಕಿರುವುದನ್ನು ಪಳಗಿದ ಆಳು ಕಾಂಡದ ಮೇಲೆ ಎದ್ದ ಏಣು ಮತ್ತು ಹಳದಿಗಟ್ಟಿದ ಎಲೆಯಿಂದಲೇ ಹೇಳುತ್ತಾನೆ. ಹೊಸಬ ಅದೇ ಗಿಡದ ಮುಂದೆ ನಿಂತರೂ ಅವನಿಗೆ ಏನೂ ಕಾಣುವುದಿಲ್ಲ. ಪಳಗಿದವನು ಕಲಿತದ್ದು ಹೇಗೆ? ಕಿತ್ತ ಗಿಡವನ್ನು ಸೀಳಿ, ಒಳಗೆ ಹುಳು ಇದೆಯೇ ಇಲ್ಲವೇ ಎಂದು ಪ್ರತಿ ಸಲವೂ ನೋಡಿದ್ದರಿಂದ. ವೈದ್ಯರಿಗೂ ಇದಕ್ಕಿಂತ ಬೇರೆ ದಾರಿಯಿಲ್ಲ. ಮೊದಲು ನೂರಾರು ಚಿತ್ರ ಮತ್ತು ವಿಡಿಯೊಗಳನ್ನು ನೋಡಿ, ಪ್ರತಿಯೊಂದಕ್ಕೂ ತಮ್ಮ ತೀರ್ಮಾನವನ್ನು, ಅದು ಖಚಿತವೋ ಅನುಮಾನವೋ ಎಂಬುದನ್ನೂ ಸೇರಿಸಿ ಬರೆದ ಮೇಲೆಯೇ ಸರಿಯುತ್ತರವನ್ನು ನೋಡಬೇಕು. ಬಳಿಕ ಮೇಜಿನ ಮೇಲಿರುವ ರೋಗಿಯಲ್ಲಿ ಹಾಗೆಯೇ ಬರೆದು, ತೆಗೆದ ಗಂಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯುವ ಪೆಥಾಲಜಿ ವರದಿ ಬಂದಾಗ ಹೋಲಿಸಬೇಕು. ನಮ್ಮಲ್ಲಿ ಜಠರ-ಕರುಳಿನ ತಜ್ಞರಾಗಲು ಮೂರು ವರ್ಷಗಳ ಡಿ.ಎಂ. ಅಥವಾ ಡಿಆರ್‌ಎನ್‌ಬಿ ತರಬೇತಿ ಇದೆ. ಅಲ್ಲಿ ಎಷ್ಟು ಸ್ಕೋಪಿ ಮಾಡಿದರೆಂಬ ಲೆಕ್ಕದಷ್ಟೇ, ಎಷ್ಟು ಸಲ ಸರಿಯಾಗಿ ಹೆಸರಿಸಿದರೆಂಬ ಲೆಕ್ಕವೂ ಮುಖ್ಯವಾಗಬೇಕು.

ಹೆಸರು ತಿಳಿದಿರುವುದನ್ನೇ ಕಣ್ಣು ಹುಡುಕುತ್ತದೆ. ಕರುಳಿನ ಬಲಭಾಗದಲ್ಲಿ ಹೆಚ್ಚಾಗಿ ಬರುವ, ಗರಗಸದ ಹಲ್ಲಿನಂಥ ಒಳರಚನೆಯ ಚಪ್ಪಟೆ ಗಂಟುಗಳು ಇದಕ್ಕೆ ಉತ್ತಮ ನಿದರ್ಶನ. ಅವು ಸುತ್ತಲಿನ ಒಳಪದರದ ಬಣ್ಣವನ್ನೇ ಹೋಲುತ್ತವೆ, ಅಂಚು ಅಸ್ಪಷ್ಟ, ಮೇಲೆ ಲೋಳೆಯ ಮುಸುಕು. ಆ ಲೋಳೆಯನ್ನು ನೀರಿನಿಂದ ತೊಳೆದು ನೋಡಬೇಕೆಂದು ಕಲಿಯದವರು ಅದನ್ನು ಮಲದ ಅಂಟೆಂದು ತಿಳಿದು ಮುಂದೆ ಸಾಗುತ್ತಾರೆ. ಮುಂದೆ ಕ್ಯಾನ್ಸರ್ ಆಗಬಲ್ಲ ಇವುಗಳನ್ನು ನೈಸ್ ಪದ್ಧತಿಯೂ ಪ್ರತ್ಯೇಕಿಸದೆ 1ರ ಗುಂಪಿಗೇ ಸೇರಿಸುತ್ತದೆ. ಆದ್ದರಿಂದ ಒಂದೇ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಸಾಲದು.

ಮೂರು ವರ್ಷಗಳ ಹಿಂದೆ ನಿಮ್ಮಲ್ಲಿ ಗಂಟು ಇತ್ತೋ ಇಲ್ಲವೋ ಎಂದು ಈಗ ಹೇಳಲಾಗದು. ಕರುಳು ಸರಿಯಾಗಿ ಸ್ವಚ್ಛವಾಗದಿದ್ದರೆ, ಗಂಟು ಮಡಿಕೆಯ ಹಿಂದಿದ್ದರೆ, ಸ್ಕೋಪನ್ನು ಅವಸರದಲ್ಲಿ ಹೊರತೆಗೆದರೆ ಚಪ್ಪಟೆಯದ್ದು ತಪ್ಪಿಹೋಗುತ್ತದೆ. ಹಿಂದೆಳೆಯುತ್ತ ಪರೀಕ್ಷಿಸಲು ಕನಿಷ್ಠ 6 ನಿಮಿಷ ಬೇಕೆಂಬುದು ಹಳೆಯ ನಿಯಮ. ಅಮೆರಿಕದ ತಜ್ಞ ಸಂಘಗಳು 2024ರಲ್ಲಿ ಅದನ್ನು 8 ನಿಮಿಷಕ್ಕೆ ಏರಿಸಿವೆ. ಒಬ್ಬ ವೈದ್ಯರು ಪರೀಕ್ಷಿಸಿದವರಲ್ಲಿ ಶೇಕಡಾ ಎಷ್ಟು ಜನರಲ್ಲಿ ಅಡಿನೋಮಾ ಪತ್ತೆಯಾಯಿತು ಎಂಬ ಲೆಕ್ಕವನ್ನೂ ಅಲ್ಲಿ ಇಡುತ್ತಾರೆ. ಆ ಪ್ರಮಾಣ ಶೇ. 1ರಷ್ಟು ಹೆಚ್ಚಿದಾಗ, ಮುಂದೆ ಆ ರೋಗಿಗಳಿಗೆ ಕರುಳಿನ ಕ್ಯಾನ್ಸರ್ ಬರುವ ಅಪಾಯ ಶೇ. 3ರಷ್ಟು ಇಳಿದಿತ್ತೆಂದು 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು.

ಕಣ್ಣಿನ ಅಂದಾಜು ಎಷ್ಟೇ ಚೆನ್ನಾಗಿದ್ದರೂ 8 ಮಿ.ಮೀ. ಗಂಟಿನ ವಿಷಯದಲ್ಲಿ ಅಂತಿಮ ಮಾತು ಪೆಥಾಲಜಿಯದ್ದೇ, ಮುಂದಿನ ಪರೀಕ್ಷೆ ಯಾವಾಗ ಎಂಬುದೂ ಅದರಿಂದಲೇ ನಿರ್ಧಾರವಾಗುತ್ತದೆ. ಅಣ್ಣನವರ ಕಾಯಿಲೆಯ ವಿಷಯವನ್ನು ಆಗ ತಪ್ಪದೆ ತಿಳಿಸಿ. ನಮ್ಮ ಕಡೆ ಲ್ಯಾಬಿನ ವರದಿ ಎಷ್ಟೋ ಸಲ ನೇರವಾಗಿ ರೋಗಿಯ ಕೈಸೇರಿ ಮನೆಯ ಬೀರುವಿನಲ್ಲೇ ಉಳಿದುಬಿಡುತ್ತದೆ. ನಿಮ್ಮದು ಬಂದ ಕೂಡಲೇ ಸ್ಕೋಪಿ ಮಾಡಿದ ವೈದ್ಯರಿಗೇ ಒಂದು ಪ್ರತಿ ಕೊಡಿ. ತಾವು ಬರೆದ ‘ನೈಸ್ 2’ ಸರಿಯಿತ್ತೇ ಎಂದು ಅವರೂ ನೋಡಿಕೊಳ್ಳಬೇಕು.