ಎಚ್-ಇಂಡೆಕ್ಸ್ ಒಂದನ್ನೇ ನೋಡಿ ಗೈಡ್ ಆರಿಸಬೇಡಿ

ಹಾಸನದ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಕಾಲರಾ ಸಂಶೋಧಕ ಶಂಭುನಾಥ ದೇ ಅವರನ್ನು ತುಂಬಾ ಹೊಗಳಿದ್ದೀರಿ. ನನ್ನ ಮಗಳು ಬಯೋಕೆಮಿಸ್ಟ್ರಿಯಲ್ಲಿ ಪಿಎಚ್.ಡಿ. ಮಾಡಲು ಗೈಡ್ ಹುಡುಕುತ್ತಿದ್ದಾಳೆ. ಎಲ್ಲರೂ ಹೇಳೋದು ಎಚ್-ಇಂಡೆಕ್ಸ್ ನೋಡು ಅಂತಲೇ. ಆ ಲೆಕ್ಕದಲ್ಲಿ ನಿಮ್ಮ ದೇ ಎಲ್ಲಿ ನಿಲ್ಲುತ್ತಾರೆ?"

ಮೇಷ್ಟ್ರೇ, ಇವತ್ತಿನ ದೊಡ್ಡ ಲ್ಯಾಬುಗಳ ಮುಖ್ಯಸ್ಥರ ಪಕ್ಕ ನಿಲ್ಲಿಸಿದರೆ ದೇ ತುಂಬಾ ಕೆಳಗೆ ನಿಲ್ಲುತ್ತಾರೆ. ಎಚ್-ಇಂಡೆಕ್ಸ್ 20 ಅಂದರೆ ಒಬ್ಬರ 20 ಪೇಪರುಗಳಿಗೆ (ಸಂಶೋಧನಾ ಲೇಖನಗಳಿಗೆ) ತಲಾ ಕನಿಷ್ಠ 20 ಸೈಟೇಷನ್, ಅಂದರೆ ಬೇರೆ ಪೇಪರುಗಳಲ್ಲಿ ಉಲ್ಲೇಖ, ಬಂದಿದೆ ಅಂತ. ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಕೊಟ್ಟ ಲೆಕ್ಕ ಇದು. ಒಂದೇ ಪೇಪರಿಗೆ 5,000 ಸೈಟೇಷನ್ ಬಂದರೂ ಇಲ್ಲಿ ಅದರಿಂದ ಸಿಗೋದು ಒಂದೇ ಅಂಕ. ಕಡಿಮೆ ಬರೆದವರು ಮೇಲೆ ಹೋಗುವ ದಾರಿಯೇ ಇದರಲ್ಲಿಲ್ಲ.

ಈಗ ದೇ ಮಾಡಿದ ಕೆಲಸ ನೋಡಿ. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತೆಯಲ್ಲೇ ಕಾಲರಾ ರೋಗಾಣುವನ್ನು ಗುರುತಿಸಿದ್ದ. ಅದು ವಿಷ ಬಿಡುತ್ತದೆ ಅನ್ನೋ ಊಹೆಯೂ ಅವನಿಗಿತ್ತು. ಆದರೆ ಮುಂದಿನ ಎಪ್ಪತ್ತು ವರ್ಷ ಅದನ್ನು ಯಾರೂ ಸರಿಯಾಗಿ ತೋರಿಸಿಕೊಡಲಿಲ್ಲ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ದೇ, ಮೊಲದ ಸಣ್ಣ ಕರುಳಿನ ಒಂದು ತುಂಡಿಗೆ ಎರಡೂ ಕಡೆ ದಾರ ಕಟ್ಟಿ, ಮಧ್ಯದಲ್ಲಿ ಆ ರೋಗಾಣು ಬಿಟ್ಟು ನೋಡಿದರು. ಕರುಳು ನೀರು ತುಂಬಿ ಊದಿಕೊಂಡಿತು. 1953ರಲ್ಲಿ ಅದನ್ನು ಪ್ರಕಟಿಸಿದರು. 1959ರಲ್ಲಿ ರೋಗಾಣುವನ್ನೇ ಸೋಸಿ ತೆಗೆದು, ಉಳಿದ ದ್ರವ ಒಂದರಿಂದಲೇ ಕರುಳು ಹಾಗೇ ಊದುತ್ತದೆ ಅಂತ ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಅಂದರೆ ರೋಗಾಣು ಹೊರಬಿಡುವ ವಿಷವೇ ಮೈಯ ನೀರನ್ನು ಕರುಳಿಗೆ ಸುರಿಸುತ್ತದೆ. ಅಷ್ಟು ಸರಳವಾದ ಪ್ರಯೋಗ, ಅಷ್ಟು ದೊಡ್ಡ ಉತ್ತರ! ನನಗಂತೂ ಇದನ್ನು ಎಷ್ಟು ಸಲ ಓದಿದರೂ ಸಾಲದು.

1959ರ ಆ ಪೇಪರನ್ನು ಮೊದಲ ಕೆಲವು ವರ್ಷ ಹೆಚ್ಚು ಜನ ಗಮನಿಸಲೇ ಇಲ್ಲ. ಆ ಹೊತ್ತಿಗೆ ಸೈಟೇಷನ್ ನೋಡಿ ಅನುದಾನ ಕೊಡುವವರಿದ್ದಿದ್ದರೆ ದೇ ಅವರಿಗೆ ಏನು ಸಿಗುತ್ತಿತ್ತು ಹೇಳಿ? 1978ರಲ್ಲಿ ಕಾಲರಾ ಬಗ್ಗೆ ನಡೆದ ನೊಬೆಲ್ ವಿಚಾರಸಂಕಿರಣಕ್ಕೆ ಅವರನ್ನು ಕರೆದರು. ನೊಬೆಲ್ ಪುರಸ್ಕೃತ ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್, ದೇ ಹೆಸರನ್ನು ಆ ಬಹುಮಾನಕ್ಕೇ ಸೂಚಿಸಿದ್ದರು. ಆದರೆ ನಮ್ಮ ದೇಶದ ಒಂದು ವಿಜ್ಞಾನ ಅಕಾಡೆಮಿಯೂ ದೇ ಅವರನ್ನು ಫೆಲೋ (ಸದಸ್ಯ) ಮಾಡಿಕೊಳ್ಳಲಿಲ್ಲ. 1985ರಲ್ಲಿ ಅವರು ತೀರಿಕೊಂಡರು. ಇದು ಇವತ್ತಿಗೂ ಬೇಜಾರು ತರುವ ವಿಷಯ.

ಹಾಗಂತ ಸೈಟೇಷನ್ ಲೆಕ್ಕವೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಯಾವ ಪೇಪರನ್ನು ಯಾರು ಉಲ್ಲೇಖಿಸಿದ್ದಾರೆ ಅಂತ ಪಟ್ಟಿ ಮಾಡುವ ಸೈಟೇಷನ್ ಇಂಡೆಕ್ಸ್ ಕಟ್ಟಿದ ಯೂಜೀನ್ ಗಾರ್ಫೀಲ್ಡ್ 1986ರಲ್ಲಿ ದೇ ಬಗ್ಗೆಯೇ ಒಂದು ಲೇಖನ ಬರೆದರು. ಕಾಲರಾ ಸಂಶೋಧನೆಯಲ್ಲಿ ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಅಂತ ಎಳೆ ಹಿಡಿದು ಹೋಗಿ, ಅವರ ಕೆಲಸ ಎಷ್ಟು ದೊಡ್ಡದು ಅಂತ ತೋರಿಸಿದರು. ಅವರು ಸುಮ್ನೆ ಒಂದು ಸಂಖ್ಯೆ ನೋಡಿ ಎದ್ದು ಹೋಗಲಿಲ್ಲ, ಯಾವ ಕೆಲಸದ ಮೇಲೆ ಮುಂದೆ ಏನು ಬೆಳೆಯಿತು ಅಂತ ನೋಡಿದರು, ಅಲ್ವಾ? ಇನ್ನೊಂದು ಕಡೆ, 3 ಲಕ್ಷಕ್ಕೂ ಜಾಸ್ತಿ ಸೈಟೇಷನ್ ಪಡೆದ ಪೇಪರ್ ಆಲಿವರ್ ಲೌರಿ ತಂಡದ್ದು, 1951ರದು. ಪ್ರೋಟೀನ್ ಅಳೆಯುವ ವಿಧಾನ ಅದು, ಪ್ರತಿ ಲ್ಯಾಬಿಗೂ ಬೇಕು. ಅದೇನೂ ಮಹಾನ್ ಪೇಪರಲ್ಲ ಅಂತ ಲೌರಿಯೇ ಹೇಳಿಕೊಂಡಿದ್ದರು.

ಮಗಳಿಗೆ ಹೀಗೆ ಹೇಳಿ. ಕ್ಯಾನ್ಸರ್ ಗೈಡನ್ನೂ ಕುಷ್ಠರೋಗದ ಗೈಡನ್ನೂ ಎಚ್-ಇಂಡೆಕ್ಸ್ ಇಟ್ಟು ತೂಗಬೇಡ, ಕ್ಯಾನ್ಸರ್ ಬಗ್ಗೆ ಬರೆಯುವವರೇ ಜಾಸ್ತಿ. ಗೂಗಲ್ ಸ್ಕಾಲರ್, ಸ್ಕೋಪಸ್ ಎರಡೂ ಸೈಟೇಷನ್ ಎಣಿಸುವ ಜಾಲತಾಣಗಳು; ಗೂಗಲ್ ಸ್ಕಾಲರ್ ಅಂಕೆ ಸಾಮಾನ್ಯವಾಗಿ ಸ್ಕೋಪಸ್‌ಗಿಂತ ದೊಡ್ಡದಿರುತ್ತದೆ, ಎರಡನ್ನೂ ಬೆರೆಸಬೇಡ. ತಮ್ಮ ಪೇಪರನ್ನು ತಾವೇ ಎಷ್ಟು ಉಲ್ಲೇಖಿಸಿದ್ದಾರೆ, ಬೇರೆಯವರ ಕೆಲಸ ಒಟ್ಟುಮಾಡಿ ಬರೆದ ರಿವ್ಯೂ ಲೇಖನಗಳೆಷ್ಟು, ಪ್ರಕಟವಾದ ಮೇಲೆ ವಾಪಸ್ ಪಡೆದ ಪೇಪರಿದೆಯಾ ಅಂತ ನೋಡು. ಆಮೇಲೆ ಅವರ ಮೂರು ಪೇಪರ್ ಕೂತು ಪೂರ್ತಿ ಓದು. ವಿದ್ಯಾರ್ಥಿಗಳ ಹೆಸರು ಮೊದಲ ಲೇಖಕರಾಗಿ ಬಂದಿದೆಯಾ? ಅವರೆಲ್ಲ ಎಷ್ಟು ವರ್ಷದಲ್ಲಿ ಪಿಎಚ್.ಡಿ. ಮುಗಿಸಿದರು, ಈಗ ಎಲ್ಲಿದ್ದಾರೆ? ಅವರಲ್ಲಿ ಇಬ್ಬರಿಗಾದರೂ ಫೋನ್ ಮಾಡಿ ಮಾತಾಡಲಿ, ಗೈಡ್ ಎದುರಿಗಿಲ್ಲದಾಗ.